ಒಂದೇ ಪಾಕ, ಬೇರೆ ಬೇರೆ ಗಸಿ

ಮನೆಯಲ್ಲಿ ತಯಾರಿಸಿದ ಗೋಧಿ ಬಿಯರಿನ ಬಾಟಲಿಗಳ ತಳದಲ್ಲಿ ಕೂರುವ ಗಸಿ ಬ್ಯಾಚಿನಿಂದ ಬ್ಯಾಚಿಗೆ ಬದಲಾಗುತ್ತದೆ. ಮಾಲ್ಟು ಅದೇ, ಹಾಪ್ಸ್ ಅದೇ, ಪಾತ್ರೆಯೂ ಅದೇ. ಆದರೂ ಒಮ್ಮೆ ಒಂದು ಮಿಲಿಮೀಟರೂ ದಪ್ಪವಿಲ್ಲದ, ಗಾಜಿಗೆ ಕಚ್ಚಿಕೊಂಡ ಬಿಳಿ ಪದರ ಕಂಡರೆ, ಇನ್ನೊಮ್ಮೆ ಅರ್ಧ ಬೆರಳು ದಪ್ಪದ, ಬಾಟಲಿ ಅಲುಗಿದರೆ ಸಾಕು ಎದ್ದು ಕದಡುವ ಸಡಿಲ ರಾಶಿ ಇರುತ್ತದೆ. ಮಗದೊಂದು ಬ್ಯಾಚಿನಲ್ಲಿ ಬಿಳಿ ಪದರದ ನಡುವೆ ಕಂದು, ಹಸಿರು ಚುಕ್ಕೆಗಳು. ಈ ಹವ್ಯಾಸಕ್ಕೆ ಹೊಸದಾಗಿ ಇಳಿದವರು ಇದನ್ನು ಕಂಡು, ಏನೋ ಕೆಟ್ಟಿದೆ ಎಂದು ಇಡೀ ಬ್ಯಾಚನ್ನು ಚೆಲ್ಲಿಬಿಡುವುದುಂಟು. ಬಹುಪಾಲು ಅದು ದುಡುಕು. ಗಸಿ ಎಷ್ಟಿದೆ ಎಂಬುದಕ್ಕಿಂತ ಅದು ಹೇಗೆ ವರ್ತಿಸುತ್ತದೆ ಎಂಬುದರಿಂದ ಬಿಯರಿನ ಸ್ಥಿತಿ ಹೆಚ್ಚು ಚೆನ್ನಾಗಿ ತಿಳಿಯುತ್ತದೆ. ಗಸಿಯ ವ್ಯತ್ಯಾಸಕ್ಕೆ ಎಲ್ಲರೂ ಮೊದಲು ಗೋಧಿಯನ್ನು ದೂರಿದರೂ, ಹೆಚ್ಚಿನ ಪಾಲು ಹೊಣೆ ಯೀಸ್ಟಿನದು ಮತ್ತು ಬಾಟಲಿ ತುಂಬುವವರ ಅವಸರದ್ದು.

ಗೋಧಿ ಬಿಯರುಗಳಲ್ಲಿ ಹೆಚ್ಚು ಹೆಸರಾದದ್ದು ಜರ್ಮನಿಯ ಬವೇರಿಯಾ ಪ್ರಾಂತ್ಯದ ಹೆಫೆವೈಝೆನ್. ಜರ್ಮನ್ ನಿಯಮದಂತೆ ಇದಕ್ಕೆ ಬಳಸುವ ಮಾಲ್ಟಿನಲ್ಲಿ ಕನಿಷ್ಠ ಅರ್ಧ ಪಾಲು ಗೋಧಿಯದಿರಬೇಕು. ಉಳಿದದ್ದು ಬಾರ್ಲಿ. 1516ರ ಬವೇರಿಯದ ಶುದ್ಧತಾ ಶಾಸನ ಬಿಯರಿಗೆ ಬಾರ್ಲಿ, ಹಾಪ್ಸ್, ನೀರು ಇವಿಷ್ಟನ್ನೇ ಒಪ್ಪಿತ್ತು. ಆದರೂ ಡೇಗೆನ್‌ಬರ್ಗ್ ಎಂಬ ಮನೆತನದ ಬಳಿ ಗೋಧಿ ಬಿಯರ್ ತಯಾರಿಸುವ ವಿಶೇಷ ಹಕ್ಕು ಉಳಿದಿತ್ತು. 1602ರಲ್ಲಿ ಆ ವಂಶ ನಿಂತುಹೋದಾಗ ಹಕ್ಕು ಡ್ಯೂಕ್ ಒಂದನೆಯ ಮ್ಯಾಕ್ಸಿಮಿಲಿಯನ್ನನ ಕೈಸೇರಿತು, ಮುಂದೆ ಬಹುಕಾಲ ಅರಮನೆಯ ಖಜಾನೆಗೆ ಒಳ್ಳೆಯ ಆದಾಯ ತಂದಿತು. ಕಾಲ ಕಳೆದಂತೆ ಜನರ ನಾಲಗೆ ಬೇರೆ ಬಿಯರುಗಳ ಕಡೆ ತಿರುಗಿತು. 1872ರಲ್ಲಿ ಗೇಯೋರ್ಗ್ ಷ್ನೈಡರ್ ಎಂಬ ತಯಾರಕ ಈ ಹಕ್ಕನ್ನು ಪಡೆದುಕೊಂಡ ಮೇಲೆ ಅದು ಅರಮನೆಯ ಹಿಡಿತದಿಂದ ಹೊರಬಂತು. 1516ರ ಶಾಸನದಲ್ಲಿ ಯೀಸ್ಟಿನ ಹೆಸರೇ ಇಲ್ಲ. ಹಿಂದಿನ ಬ್ಯಾಚಿನ ನೊರೆಯನ್ನೋ ಗಸಿಯನ್ನೋ ಮುಂದಿನದಕ್ಕೆ ಬೆರೆಸುವ ರೂಢಿ ಇತ್ತು; ಆ ಗಸಿಯಲ್ಲಿ ಜೀವವಿದೆ ಎಂಬುದು ಸ್ಪಷ್ಟವಾದದ್ದು 19ನೇ ಶತಮಾನದಲ್ಲಿ.

ಅಂಗಡಿಯಲ್ಲಿ ಕೊಂಡ ಹೆಫೆವೈಝೆನ್ ಬಾಟಲಿಯ ಪಕ್ಕದಲ್ಲಿ ಮನೆಯ ಬಾಟಲಿಯನ್ನಿಟ್ಟು ಕೊರಗುವುದರಲ್ಲಿ ಅರ್ಥವಿಲ್ಲ. ದೊಡ್ಡ ಕಾರ್ಖಾನೆಗಳಲ್ಲಿ ಹಲವು, ಬಿಯರನ್ನು ಹುದುಗಿಸಿದ ಮೂಲ ಯೀಸ್ಟನ್ನು ಮೊದಲು ತೆಗೆದುಹಾಕುತ್ತವೆ. ಬಾಟಲಿ ತುಂಬುವಾಗ ಬೇರೆ ಲಾಗರ್ ಯೀಸ್ಟನ್ನು ಅಳತೆ ಮಾಡಿ ಸೇರಿಸುತ್ತವೆ, ಏಕೆಂದರೆ ಅದು ತಳದಲ್ಲಿ ಗಟ್ಟಿಯಾಗಿ ಕೂರುತ್ತದೆ. ಕೆಲವು ಕಾರ್ಖಾನೆಗಳು ಬಿಸಿ ಹಾಯಿಸಿ ಯೀಸ್ಟಿನ ಜೀವವನ್ನೇ ನಿಲ್ಲಿಸುತ್ತವೆ. ಇನ್ನು ಕ್ರಿಸ್ಟಾಲ್‌ವೈಝೆನ್ ಎಂಬ ಬಗೆಯನ್ನು ಪೂರ್ತಿ ಸೋಸಿಯೇ ಮಾರುತ್ತಾರೆ. ಅಂಗಡಿಯ ಬಾಟಲಿಗಳೆಲ್ಲ ಒಂದೇ ತೆರನಾಗಿ ಕಾಣುವುದರ ಹಿಂದೆ ಇಷ್ಟೆಲ್ಲ ಏರ್ಪಾಡಿದೆ. ಮನೆಯಲ್ಲಿ ಅದಾವುದೂ ಇಲ್ಲ.

ಗಸಿಯ ಮೂಲ ತಿಳಿಯಲು ತಯಾರಿಕೆಯ ಹಂತಗಳ ಪರಿಚಯ ಬೇಕು. ಮೊಳಕೆ ಬರಿಸಿ ಒಣಗಿಸಿದ ಕಾಳೇ ಮಾಲ್ಟು. ಅದನ್ನು ತರಿಯಾಗಿ ಒಡೆದು ಸುಮಾರು 65 ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರಿನಲ್ಲಿ ಒಂದು ಗಂಟೆ ನೆನೆಸಿದರೆ ಪಿಷ್ಟ ಸಕ್ಕರೆಯಾಗುತ್ತದೆ. ಸಿಹಿ ರಸವನ್ನು ಬಸಿದು, ಹಾಪ್ಸ್ ಎಂಬ ಕಹಿ ಹೂಗಳನ್ನು ಹಾಕಿ ಕುದಿಸಿ, ಆರಿಸುತ್ತಾರೆ. ಈ ರಸಕ್ಕೆ ವರ್ಟ್ ಎಂದು ಹೆಸರು. ಅದಕ್ಕೆ ಯೀಸ್ಟ್ ಬಿದ್ದ ಮೇಲೆ ಹುದುಗು ಶುರು. ಒಂದೆರಡು ವಾರದಲ್ಲಿ ಸಕ್ಕರೆ ಮುಗಿದು ಬಿಯರಾಗುತ್ತದೆ. ಗುಳ್ಳೆ ಬರಲೆಂದು ಒಂದಿಷ್ಟು ಸಕ್ಕರೆ ಬೆರೆಸಿ ಬಾಟಲಿಗೆ ತುಂಬಿ ಬಿರಡೆ ಹಾಕಿದರೆ, ಒಳಗಿನ ಯೀಸ್ಟು ಆ ಸಕ್ಕರೆಯನ್ನೂ ತಿಂದು ಅನಿಲ ಬಿಡುತ್ತದೆ. ಈ ಪ್ರತಿ ಹಂತವೂ ತಳಕ್ಕೆ ತನ್ನದೊಂದು ಪಾಲು ಸೇರಿಸುತ್ತದೆ.

ಬಾಟಲಿಯ ಗಸಿಯಲ್ಲಿ ದೊಡ್ಡ ಪಾಲು ಯೀಸ್ಟ್ ಕೋಶಗಳದು. ಜೊತೆಗೆ ಪ್ರೋಟೀನು ಮತ್ತು ಪಾಲಿಫಿನಾಲುಗಳು ಬೆಸೆದುಕೊಂಡ ಕಣಗಳಿರುತ್ತವೆ. ಪಾಲಿಫಿನಾಲ್ ಎಂದರೆ ಕಾಳಿನ ಸಿಪ್ಪೆಯಲ್ಲೂ ಹಾಪ್ಸಿನಲ್ಲೂ ಇರುವ ಒಗರು ಪದಾರ್ಥ. ಕಂದು, ಹಸಿರು ಚುಕ್ಕೆಗಳು ಹಾಪ್ಸಿನ ಚೂರುಗಳು, ಇಲ್ಲವೇ ಹುದುಗುವ ಪಾತ್ರೆಯ ಗೋಡೆಗೆ ಅಂಟಿದ್ದ ಒಣ ನೊರೆಯ ಹೆಕ್ಕಳಿಕೆ. ಅವು ಬಾಟಲಿಗೆ ಬಂದಿವೆ ಎಂದರೆ ಬಿಯರನ್ನು ಬಸಿಯುವಾಗ ಕೊಳವೆ ತಳ ಮುಟ್ಟಿದೆ ಎಂದೇ ಅರ್ಥ. ರೋಗ ಹುಡುಕುವ ಅಗತ್ಯವಿಲ್ಲ.

ಗೋಧಿಯ ಪಾತ್ರ ಎರಡು ಬಗೆಯದು. ಬಾರ್ಲಿಯಂತೆ ಅದಕ್ಕೆ ಅಂಟಿಕೊಂಡ ಹೊಟ್ಟು ಇಲ್ಲ. ಬಾರ್ಲಿಯ ಹೊಟ್ಟು ರಸ ಬಸಿಯುವಾಗ ತಾನೇ ಜರಡಿಯಾಗಿ ಕೆಲಸ ಮಾಡುತ್ತದೆ. ಗೋಧಿ ಹೆಚ್ಚಿದ್ದಾಗ ಆ ಜರಡಿ ತೆಳುವಾಗುತ್ತದೆ, ರಸ ಅಂಟಂಟಾಗಿ ಕಟ್ಟಿಕೊಳ್ಳುತ್ತದೆ, ಬೇಸರದಿಂದ ಕೈಯಾಡಿಸಿದರೆ ನುಣ್ಣನೆಯ ಹಿಟ್ಟು ಕುದಿಪಾತ್ರೆಗೆ ಇಳಿಯುತ್ತದೆ. ಇದನ್ನು ತಪ್ಪಿಸಲು ಹಲವರು ಭತ್ತದ ಹೊಟ್ಟನ್ನು ಚೆನ್ನಾಗಿ ತೊಳೆದು ಬೆರೆಸುತ್ತಾರೆ. ಇದು ಅಗ್ಗದ, ಒಳ್ಳೆಯ ಉಪಾಯ. ಎರಡನೆಯದು, ಗೋಧಿಯಲ್ಲಿ ಪ್ರೋಟೀನ್ ಹೆಚ್ಚು. ಕುದಿಯುವಾಗ ಅದರಲ್ಲಿ ಒಂದು ಪಾಲು ಒಡೆದು ಚೂರುಚೂರಾಗಿ ಬೇರ್ಪಡುತ್ತದೆ, ವರ್ಟನ್ನು ಬೇಗನೆ ತಣಿಸಿದಾಗ ಇನ್ನೊಂದು ಪಾಲು ಬೇರ್ಪಡುತ್ತದೆ. ಈ ಮಡ್ಡಿಗೆ ಟ್ರೂಬ್ ಎನ್ನುತ್ತಾರೆ. ಒಂದು ಸಲ ಜೋರಾಗಿ ಒಂದು ಗಂಟೆ ಕುದಿಸಿ, ಸುರುಳಿ ಕೊಳವೆಯಲ್ಲಿ ಇಪ್ಪತ್ತು ನಿಮಿಷದಲ್ಲಿ ತಣಿಸಿ, ಅರ್ಧ ಗಂಟೆ ಬಿಟ್ಟು ತಿಳಿಯನ್ನಷ್ಟೇ ಬಸಿದುಕೊಂಡರೆ ಟ್ರೂಬ್ ಕುದಿಪಾತ್ರೆಯಲ್ಲೇ ಉಳಿಯುತ್ತದೆ. ಮತ್ತೊಂದು ಸಲ ಒಲೆಯ ಉರಿ ಸಾಲದೆ ಮಂದವಾಗಿ ಕುದಿಸಿ, ರಾತ್ರಿಯಿಡೀ ತಾನಾಗಿಯೇ ಆರಲು ಬಿಟ್ಟು, ಪಾತ್ರೆಯನ್ನು ಹಾಗೇ ಬಗ್ಗಿಸಿದರೆ ಎಲ್ಲವೂ ಹುದುಗುವ ಪಾತ್ರೆಗೆ ಬೀಳುತ್ತದೆ. ಪಾಕ ಒಂದೇ, ಕೈಗೆಲಸ ಬೇರೆ.

ಗೋಧಿ ಹೆಚ್ಚಿದಷ್ಟೂ ಬಗ್ಗಡ ಹೆಚ್ಚು ಎಂಬ ಲೆಕ್ಕವೂ ಪೂರ್ತಿ ನಿಜವಲ್ಲ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಕಾರ್ಲ್ ಸೀಬರ್ಟ್ ಅವರ ಸಂಶೋಧನೆಗಳು ಇದಕ್ಕೆ ಒಂದು ವಿವರಣೆ ಕೊಟ್ಟಿವೆ. ಮಬ್ಬು ಹುಟ್ಟಿಸುವ ಪ್ರೋಟೀನಿನ ಮೇಲೆ ಪಾಲಿಫಿನಾಲ್ ಬಂದು ಅಂಟಿಕೊಳ್ಳುವ ತಾಣಗಳಿವೆ. ಎರಡೂ ಸರಿಸಮವಾಗಿ ಸಿಕ್ಕಾಗ ದೊಡ್ಡ ಜಾಲ ಕಟ್ಟಿಕೊಂಡು ಮಬ್ಬು ಗರಿಷ್ಠವಾಗುತ್ತದೆ. ಒಂದು ತೀರ ಹೆಚ್ಚಾಗಿ ಇನ್ನೊಂದು ಕಡಿಮೆಯಾದರೆ ಜಾಲ ಬೆಳೆಯುವುದಿಲ್ಲ. ಕಣಗಳು ಚಿಕ್ಕದಾಗಿದ್ದರೆ ತೇಲುತ್ತ ಬಿಯರನ್ನು ಮಬ್ಬಾಗಿಸುತ್ತವೆ, ತೀರ ದೊಡ್ಡದಾದರೆ ಭಾರ ತಾಳದೆ ತಳ ಸೇರುತ್ತವೆ. ಹೀಗಾಗಿ ಒಂದೇ ಪ್ರಮಾಣದ ಗೋಧಿ ಹಾಕಿದರೂ, ಹೊಸ ಮೂಟೆಯ ಮಾಲ್ಟಿನಲ್ಲಿ ಪ್ರೋಟೀನ್ ಸ್ವಲ್ಪ ಏರುಪೇರಾದರೆ ಒಂದು ಬ್ಯಾಚು ಮೇಲೆಲ್ಲ ಮಬ್ಬಾಗಿ ತಳ ತೆಳುವಾಗಿಯೂ, ಇನ್ನೊಂದು ಮೇಲೆ ತಿಳಿಯಾಗಿ ತಳ ದಪ್ಪವಾಗಿಯೂ ಇರಬಹುದು.

ಗೋಧಿ ಎಷ್ಟೇ ಸದ್ದು ಮಾಡಿದರೂ ಗಸಿಯ ಮುಖ್ಯ ಕಥೆ ಯೀಸ್ಟಿನದೇ. ಹೆಫೆವೈಝೆನ್‌ಗೆ ಬಾಳೆಹಣ್ಣಿನ ಪರಿಮಳವನ್ನೂ ಲವಂಗದ ಘಾಟನ್ನೂ ಕೊಡುವುದು ಅದರ ವಿಶಿಷ್ಟ ಯೀಸ್ಟ್ ತಳಿ. ಮ್ಯೂನಿಕ್ ಬಳಿಯ ಫ್ರೈಸಿಂಗ್ ಪಟ್ಟಣದ ವೈಹೆನ್‌ಸ್ಟೆಫಾನ್ ಸಂಗ್ರಹದ 68ನೇ ತಳಿ ಇವುಗಳಲ್ಲಿ ಪ್ರಸಿದ್ಧ. ಈ ಜಾತಿಯ ಯೀಸ್ಟುಗಳಿಗೆ ಒಂದು ಸ್ವಭಾವವಿದೆ: ಅವು ಬೇಗ ಮುದ್ದೆಗಟ್ಟುವುದಿಲ್ಲ. ಬೇರೆ ಹಲವು ಯೀಸ್ಟುಗಳಲ್ಲಿ ಸಕ್ಕರೆ ಮುಗಿಯುತ್ತ ಬಂದಂತೆ ಕೋಶದ ಮೈಮೇಲಿನ ಕೆಲವು ಪ್ರೋಟೀನುಗಳು ಪಕ್ಕದ ಕೋಶದ ಗೋಡೆಯಲ್ಲಿರುವ ಮ್ಯಾನೋಸ್ ಎಂಬ ಸಕ್ಕರೆಯ ಸರಪಣಿಯನ್ನು ಹಿಡಿದುಕೊಳ್ಳುತ್ತವೆ. ಈ ಹಿಡಿತಕ್ಕೆ ನೀರಿನ ಕ್ಯಾಲ್ಸಿಯಂ ನೆರವು ಬೇಕು. ಹಾಗೆ ಸಾವಿರಾರು ಕೋಶಗಳು ಒಂದಾಗಿ ಗಂಟಾದಾಗ ಸರಸರನೆ ತಳ ಸೇರುತ್ತವೆ. ಗೋಧಿ ಬಿಯರಿನ ಯೀಸ್ಟಿನಲ್ಲಿ ಈ ಹಿಡಿತ ಸಡಿಲ. ಕೋಶಗಳು ಬಿಡಿಬಿಡಿಯಾಗಿ ತೇಲುತ್ತ, ನಿಧಾನಕ್ಕೆ ಇಳಿಯುತ್ತವೆ.

ಎಷ್ಟು ನಿಧಾನ ಎಂಬುದನ್ನು ಲೆಕ್ಕ ಹಾಕಿ ನೋಡಬಹುದು. ದ್ರವದಲ್ಲಿ ಮುಳುಗುವ ಕಣದ ವೇಗ ಅದರ ವ್ಯಾಸದ ವರ್ಗಕ್ಕೆ ಅನುಗುಣವಾಗಿರುತ್ತದೆ ಎಂಬುದು 19ನೇ ಶತಮಾನದ ವಿಜ್ಞಾನಿ ಸ್ಟೋಕ್ಸ್ ಅವರ ಸೂತ್ರ. ಸುಮಾರು 6 ಮೈಕ್ರಾನ್ ಅಗಲದ ಒಂಟಿ ಯೀಸ್ಟ್ ಕೋಶ ಬಿಯರಿನಲ್ಲಿ ಗಂಟೆಗೆ ಮೂರು ನಾಲ್ಕು ಮಿಲಿಮೀಟರ್ ಮಾತ್ರ ಇಳಿಯುತ್ತದೆ. ಬಾಟಲಿಯ 20 ಸೆಂಟಿಮೀಟರ್ ಆಳ ದಾಟಲು ಅದಕ್ಕೆ ಎರಡರಿಂದ ಮೂರು ದಿನ ಬೇಕು, ಅದೂ ಬಾಟಲಿ ಕದಲದೆ ನಿಂತಿದ್ದರೆ. ವ್ಯಾಸ ಹತ್ತು ಪಟ್ಟಾದ ಗಂಟು, ಸೂತ್ರದ ಪ್ರಕಾರ, ನೂರು ಪಟ್ಟು ವೇಗದಲ್ಲಿ ಇಳಿಯಬೇಕು. ಗಂಟಿನೊಳಗೆ ದ್ರವವೂ ತುಂಬಿರುವುದರಿಂದ ನಿಜವಾದ ವೇಗ ಅಷ್ಟಿರದು, ಆದರೂ ಗಂಟೆಗಳ ಕೆಲಸ ನಿಮಿಷಗಳಿಗೆ ಇಳಿಯುತ್ತದೆ. ಪ್ರೋಟೀನಿನ ಸೂಕ್ಷ್ಮ ಕಣಗಳು ಇನ್ನೂ ಚಿಕ್ಕವು. ಅವು ವಾರಗಟ್ಟಲೆ ತೇಲಬಲ್ಲವು. ರಾಗಿ ಹಾಲು ತೆಗೆದಿಟ್ಟ ಪಾತ್ರೆಯಲ್ಲಿ ದಪ್ಪ ಪಿಷ್ಟ ಬೇಗ ಕೆಳಗಿಳಿದು, ಮೇಲಿನ ನೀರು ಮಾತ್ರ ಬಹಳ ಹೊತ್ತು ಬೆಳ್ಳಗೆ ಉಳಿಯುವುದೂ ಇದೇ ನಿಯಮದಿಂದ.

ಆದ್ದರಿಂದ ಯೀಸ್ಟಿನ ತಳಿ ಬದಲಾದರೆ ಗಸಿಯೂ ಬದಲಾಗುತ್ತದೆ. ತಳಿ ಬದಲಾಗದಿದ್ದರೂ, ಹಳೆಯ ಬ್ಯಾಚಿನ ಯೀಸ್ಟನ್ನೇ ಮತ್ತೆ ಮತ್ತೆ ಬಳಸುವವರಲ್ಲಿ ಸದ್ದಿಲ್ಲದೆ ಒಂದು ಆಯ್ಕೆ ನಡೆದಿರುತ್ತದೆ. ಪ್ರತಿ ಸಲವೂ ತಳದಿಂದಲೇ ಯೀಸ್ಟ್ ತೆಗೆದರೆ ಬೇಗ ಕೂರುವ ಕೋಶಗಳ ಸಂತತಿ ಹೆಚ್ಚುತ್ತದೆ, ಗಸಿ ಗಟ್ಟಿಯಾಗುತ್ತ ಹೋಗುತ್ತದೆ. ಬವೇರಿಯದ ಹಳೆಯ ಪದ್ಧತಿಯಂತೆ ಮೇಲೆ ಉಕ್ಕಿದ ನೊರೆಯಿಂದ ಎತ್ತಿಕೊಂಡರೆ ತೇಲುವ ಸ್ವಭಾವದವು ಉಳಿಯುತ್ತವೆ. ನಾಲ್ಕಾರು ಬ್ಯಾಚು ಕಳೆದ ಮೇಲೆ ವ್ಯತ್ಯಾಸ ಬರಿಗಣ್ಣಿಗೆ ಕಾಣಿಸಬಹುದು.

ಇನ್ನು ಅವಸರದ ಮಾತು. ಹೆಫೆವೈಝೆನ್ ಹಳತಾದಷ್ಟೂ ಪರಿಮಳ ಕಳೆದುಕೊಳ್ಳುವ ಬಿಯರು, ಬೇಗ ಬಾಟಲಿಗಿಳಿಸಿ ಬೇಗ ಕುಡಿಯಬೇಕು ಎಂಬ ಮಾತಿದೆ. ಮಾತು ಸರಿ. ಅದನ್ನು ನೆಚ್ಚಿಕೊಂಡು ಕೆಲವರು ಒಂದು ವಾರಕ್ಕೇ ಬಾಟಲಿ ತುಂಬುತ್ತಾರೆ. ಆಗ ಬಿಯರಿನಲ್ಲಿ ಲಕ್ಷಗಟ್ಟಲೆ ಕೋಶಗಳು ಇನ್ನೂ ತೇಲುತ್ತಿರುತ್ತವೆ, ಹುದುಗುವ ಪಾತ್ರೆಯ ತಳಕ್ಕೆ ಹೋಗಬೇಕಿದ್ದದ್ದು ಒಂದೊಂದು ಬಾಟಲಿಯ ತಳಕ್ಕೂ ಹಂಚಿಹೋಗುತ್ತದೆ. ಅದೇ ಬಿಯರನ್ನು ಮೂರು ವಾರ ಬಿಟ್ಟರೆ, ಅಥವಾ ಕೊನೆಯ ಎರಡು ಮೂರು ದಿನ ಫ್ರಿಜ್ಜಿನಲ್ಲಿ 2–4 ಡಿಗ್ರಿಗೆ ತಣಿಸಿದರೆ, ಬಾಟಲಿಯ ಗಸಿ ಬಹಳಷ್ಟು ಇಳಿಯುತ್ತದೆ. ಎರಡು ಬ್ಯಾಚುಗಳ ಗಸಿಯಲ್ಲಿ ಅಜಗಜಾಂತರ ಕಂಡುಬಂದರೆ ಮೊದಲು ನೋಡಬೇಕಾದದ್ದು ತುಂಬಿದ ತಾರೀಖುಗಳನ್ನು. ಪುಸ್ತಕದಲ್ಲಿ ಬರೆದಿಡದವರಿಗೆ ಈ ಸುಲಭದ ಉತ್ತರ ಸಿಗುವುದಿಲ್ಲ. ಋತುವೂ ಇದರಲ್ಲಿ ಕೈಯಾಡಿಸುತ್ತದೆ. ಬೇಸಿಗೆಯ ಕೋಣೆಯಲ್ಲಿ 24 ಡಿಗ್ರಿಯಲ್ಲಿ ಹುದುಗು ಬೇಗ ಮುಗಿದು ಯೀಸ್ಟಿಗೆ ಕೂರಲು ಸಮಯ ಸಿಗುತ್ತದೆ. ಚಳಿಗಾಲದಲ್ಲಿ 16–17 ಡಿಗ್ರಿಯಲ್ಲಿ ಹತ್ತು ದಿನವಾದರೂ ಹುದುಗು ಪೂರ್ತಿಯಾಗದೆ ಇರಬಹುದು.

ಬಾಟಲಿಗೆ ಹಾಕುವ ಸಕ್ಕರೆಯ ಪಾತ್ರವನ್ನು ಜನ ಉತ್ಪ್ರೇಕ್ಷಿಸುತ್ತಾರೆ. ಗೋಧಿ ಬಿಯರಿಗೆ ಗುಳ್ಳೆ ಹೆಚ್ಚು ಬೇಕು, ಲೀಟರಿಗೆ 7ರಿಂದ 9 ಗ್ರಾಂ ಸಕ್ಕರೆ, ಅಂದರೆ 20 ಲೀಟರಿನ ಬ್ಯಾಚಿಗೆ 140ರಿಂದ 180 ಗ್ರಾಂ. ಇದನ್ನು ತಿಂದು ಹುಟ್ಟುವ ಹೊಸ ಯೀಸ್ಟು ಬಾಟಲಿಯಲ್ಲಿ ತೆಳು ಪದರವಾಗುತ್ತದೆಯೇ ಹೊರತು ರಾಶಿಯಾಗುವುದಿಲ್ಲ. ಆದರೆ ಜರ್ಮನ್ ಸಂಪ್ರದಾಯದಂತೆ ಸಕ್ಕರೆಯ ಬದಲು ಎತ್ತಿಟ್ಟ ವರ್ಟನ್ನೇ ಬೆರೆಸಿದರೆ ಲೆಕ್ಕ ಬೇರೆ. ಷ್ಪೈಸೆ ಎಂಬ ಈ ವರ್ಟಿನ ಜೊತೆ ಪ್ರೋಟೀನೂ ಬರುತ್ತದೆ. ಎತ್ತಿಡುವಾಗ ತಿಳಿ ತೆಗೆಯದೆ ತಳ ಸಮೇತ ಸುರಿದಿದ್ದರೆ ಟ್ರೂಬ್ ಸಹ ಬಾಟಲಿಗೆ ಬರುತ್ತದೆ. ಒಂದು ಬ್ಯಾಚಿಗೆ ಸಕ್ಕರೆ, ಇನ್ನೊಂದಕ್ಕೆ ಷ್ಪೈಸೆ ಹಾಕಿ ಗಸಿ ಒಂದೇ ಬರಲಿ ಎನ್ನುವುದು ಆಗದ ಮಾತು.

ಒಂದೇ ಬ್ಯಾಚಿನೊಳಗೂ ವ್ಯತ್ಯಾಸವಿರುತ್ತದೆ. ನಲ್ಲಿ ಇರುವ ಪಾತ್ರೆಯಿಂದ ನೇರವಾಗಿ ತುಂಬಿದಾಗ ಮೊದಲ ಬಾಟಲಿಗೆ ನಲ್ಲಿಯ ಬಾಯಲ್ಲಿ ಕೂತ ಯೀಸ್ಟು ಬರುತ್ತದೆ. ಕೊನೆಯ ಎರಡು ಮೂರು ಬಾಟಲಿಗೆ, ಪಾತ್ರೆಯನ್ನು ವಾಲಿಸಿದ್ದರಿಂದ, ತಳದ ಮಡ್ಡಿಯೇ ಬರುತ್ತದೆ. ನಡುವಿನವು ತಿಳಿ. ಆದ್ದರಿಂದ ಈ ಬ್ಯಾಚಿನ ಕೊನೆಯ ಬಾಟಲಿಯನ್ನು ಹಿಂದಿನ ಬ್ಯಾಚಿನ ನಡುವಿನ ಬಾಟಲಿಗೆ ಹೋಲಿಸಿದರೆ ತಪ್ಪು ತೀರ್ಮಾನಕ್ಕೆ ಬರುವುದು ಖಂಡಿತ. ಬಿರಡೆಯ ಮೇಲೆ ತುಂಬಿದ ಕ್ರಮಸಂಖ್ಯೆ ಬರೆಯುವ ಅಭ್ಯಾಸ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಕೆಲವರು ಮೊದಲ ಬಾಟಲಿಯ ಅಳತೆಯಷ್ಟು ಬಿಯರನ್ನು ಪಾರದರ್ಶಕ ಪ್ಲಾಸ್ಟಿಕ್ ಸೋಡಾ ಬಾಟಲಿಗೆ ತುಂಬುತ್ತಾರೆ. ಗಸಿ ಕೂರುವುದು ಕಣ್ಣಿಗೆ ಕಾಣುತ್ತದೆ, ಒತ್ತಿ ನೋಡಿದರೆ ಅನಿಲ ಎಷ್ಟು ತುಂಬಿದೆ ಎಂಬುದೂ ತಿಳಿಯುತ್ತದೆ.

ಬಾಟಲಿಯೊಳಗಿನ ಮಬ್ಬು ಯಾವುದರದು ಎಂದು ತಿಳಿಯಲು ಅಡುಗೆಮನೆಯ ಮಟ್ಟದ ಪರೀಕ್ಷೆಗಳು ಸಾಕು. ಫ್ರಿಜ್ಜಿನಿಂದ ತೆಗೆದಾಗ ಮಬ್ಬಾಗಿದ್ದ ಬಿಯರು ಕೋಣೆಯ ಬಿಸಿಗೆ ಬಂದ ಮೇಲೆ ತಿಳಿಯಾದರೆ ಅದು ಪ್ರೋಟೀನಿನ ಶೀತಮಬ್ಬು. ತಿಳಿಯಾಗದೆ, ನಾಲ್ಕು ದಿನ ಅಲುಗಾಡದೆ ನಿಂತ ಮೇಲೆ ಕೆಳಗಿಳಿದರೆ ಯೀಸ್ಟು. ಎಷ್ಟು ದಿನ ಬಿಟ್ಟರೂ ಇಳಿಯದಿದ್ದರೆ ಪಿಷ್ಟದ ಸಂಶಯ ಬರುತ್ತದೆ. ಬಿಳಿ ತಟ್ಟೆಯ ಮೇಲೆ ಒಂದು ಚಮಚ ಬಿಯರು ಹಾಕಿ, ಔಷಧದಂಗಡಿಯ ಟಿಂಕ್ಚರ್ ಅಯೋಡಿನ್ ಒಂದು ಹನಿ ಬಿಟ್ಟಾಗ ನೀಲಿಗಪ್ಪು ಬಣ್ಣ ತಿರುಗಿದರೆ ಮಾಲ್ಟಿನ ಪಿಷ್ಟ ಪೂರ್ತಿ ಸಕ್ಕರೆಯಾಗಿಲ್ಲ ಎಂದರ್ಥ. ಆ ಚಮಚ ಬಿಯರನ್ನು ಚೆಲ್ಲಬೇಕು, ಕುಡಿಯಬಾರದು. ಮೊಳಕೆ ಬರಿಸದ ಹಸಿ ಗೋಧಿಯನ್ನೋ ಗೋಧಿಹಿಟ್ಟನ್ನೋ ಹಾಕುವ ಬೆಲ್ಜಿಯಂ ಮಾದರಿಯ ವಿಟ್‌ಬಿಯರುಗಳಲ್ಲಿ ಪಿಷ್ಟದ ಮಬ್ಬು ಸಾಮಾನ್ಯ. ಅಲ್ಲಿ ಅದು ದೋಷವೂ ಅಲ್ಲ.

ನಿಜವಾದ ದೋಷದ ಗುರುತುಗಳು ಬೇರೆ. ಬಾಟಲಿಯ ಕತ್ತಿನಲ್ಲಿ ಬಿಯರಿನ ಮಟ್ಟಕ್ಕೆ ಉಂಗುರದಂಥ ಬಿಳಿ ಕಟ್ಟು, ಮೇಲ್ಮೈಯಲ್ಲಿ ಒಣ ಪೊರೆ, ಸುರಿಯುವಾಗ ಎಳೆಯೆಳೆಯಾಗಿ ಲೋಳೆ, ಹಿಂದೆಂದೂ ಇಲ್ಲದ ಹುಳಿ: ಇವು ಬೇರೆ ಸೂಕ್ಷ್ಮಜೀವಿಗಳು ಸೇರಿಕೊಂಡ ಲಕ್ಷಣ. ಮುಚ್ಚಳ ತೆಗೆದೊಡನೆ ಬಿಯರು ಉಕ್ಕಿ, ತಳದ ಗಸಿಯೆಲ್ಲ ಮೇಲೆದ್ದರೆ ಅನಿಲ ಮಿತಿಮೀರಿದೆ. ಹುದುಗು ಮುಗಿಯುವ ಮೊದಲೇ ತುಂಬಿರಬಹುದು, ಸಕ್ಕರೆ ಹೆಚ್ಚಾಗಿರಬಹುದು, ಇಲ್ಲವೇ ಸಾಮಾನ್ಯ ಯೀಸ್ಟು ಬಿಟ್ಟ ಸಂಕೀರ್ಣ ಸಕ್ಕರೆಗಳನ್ನೂ ತಿನ್ನುವ ತಳಿ ಒಳಹೊಕ್ಕಿರಬಹುದು. ಅಂಥ ಬ್ಯಾಚಿನ ಗಾಜಿನ ಬಾಟಲಿಗಳು ಸಿಡಿಯಬಲ್ಲವು. ಅವನ್ನು ಕೂಡಲೇ ತಣ್ಣಗಿರಿಸಿ, ದಪ್ಪ ಬಟ್ಟೆ ಸುತ್ತಿ, ಒಂದೊಂದಾಗಿ ಅನಿಲ ಬಿಡಬೇಕು. ತಿಂಗಳುಗಟ್ಟಲೆ ಬೆಚ್ಚಗಿನ ಜಾಗದಲ್ಲಿಟ್ಟ ಬಾಟಲಿಯಲ್ಲಿ ಸತ್ತ ಯೀಸ್ಟ್ ಕೋಶಗಳು ಒಡೆದು ಸೋಯಾ ಸಾಸಿನಂಥ ವಾಸನೆ ಬರುವುದೂ ಇದೆ. ಅದು ಅಪಾಯವಲ್ಲ, ರುಚಿಗೇಡು.

ಚೆನ್ನಾಗಿರುವ ಗಸಿಯನ್ನು ಬವೇರಿಯದವರು ಬಿಸಾಡುವುದಿಲ್ಲ. ಅರ್ಧ ಲೀಟರಿನ ಎತ್ತರದ ಗ್ಲಾಸನ್ನು ವಾಲಿಸಿ ಹಿಡಿದು ಬಾಟಲಿಯ ಮುಕ್ಕಾಲು ಭಾಗವನ್ನು ಮೆಲ್ಲಗೆ ಸುರಿಯುತ್ತಾರೆ. ಉಳಿದದ್ದನ್ನು ಬಾಟಲಿಯಲ್ಲೇ ಗಿರಗಿರನೆ ತಿರುಗಿಸಿ, ತಳ ಕದಡಿ, ನೊರೆಯ ಮೇಲೆ ಹಾಕುತ್ತಾರೆ. ಮನೆಯ ಬಿಯರಿನಲ್ಲಿ ಗಸಿ ದಪ್ಪಗಿದ್ದರೆ ಅಷ್ಟೂ ಬೆರೆಸುವುದು ಅತಿಯಾದೀತು. ಹಿಟ್ಟು ಹಿಟ್ಟಾದ ರುಚಿ ಬರುತ್ತದೆ, ಕೆಲವರಿಗೆ ಹೊಟ್ಟೆಯುಬ್ಬರವೂ ಆಗುತ್ತದೆ. ತೆಳು ಪದರವಿದ್ದಾಗ ಪೂರ್ತಿ, ದಪ್ಪವಿದ್ದಾಗ ಅರ್ಧ ಎಂಬುದು ಒಳ್ಳೆಯ ಅಳತೆ.

ಬೆಂಗಳೂರಿನ ಬ್ರೂಪಬ್ಬುಗಳಲ್ಲಿ ಹೆಫೆವೈಝೆನ್ ಈಗ ಹೊಸದಲ್ಲ. ಅಲ್ಲಿ ಅದು ಹೆಚ್ಚಾಗಿ ಟ್ಯಾಂಕಿನಿಂದ ನೇರ ಗ್ಲಾಸಿಗೆ ಬರುವುದರಿಂದ ಗ್ರಾಹಕರಿಗೆ ಮಬ್ಬು ಕಾಣುತ್ತದೆ, ಬಾಟಲಿಯ ಗಸಿ ಕಾಣುವುದಿಲ್ಲ. ಬಾಟಲಿ ತುಂಬಿ ಗಸಿ ಅಳೆಯುವ ಹವ್ಯಾಸ ಹೊರದೇಶದ ಕನ್ನಡಿಗರಿಗೆ ಸುಲಭ. ಅಮೆರಿಕದಲ್ಲಿ 1978ರಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾಯ್ದೆಯ ಪ್ರಕಾರ, ಒಬ್ಬರೇ ವಯಸ್ಕರಿರುವ ಮನೆಯಲ್ಲಿ ವರ್ಷಕ್ಕೆ 100 ಗ್ಯಾಲನ್, ಇಬ್ಬರು ಅಥವಾ ಹೆಚ್ಚು ವಯಸ್ಕರಿದ್ದರೆ 200 ಗ್ಯಾಲನ್ ಬಿಯರನ್ನು ಸ್ವಂತ ಬಳಕೆಗೆ ತೆರಿಗೆಯಿಲ್ಲದೆ ತಯಾರಿಸಬಹುದು. ಕರ್ನಾಟಕದಲ್ಲಿ 1965ರ ಅಬಕಾರಿ ಕಾಯ್ದೆಯಂತೆ ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ; ಮನೆಯ ಬಿಯರೂ ಅದರೊಳಗೇ ಬರುತ್ತದೆ.